ರೆಕಾರ್ಡರಿನ ಮಡಿ

ಸದಾಶಿವ ಪೇಠದ ನನ್ನ ಅಂಗಡಿಯಲ್ಲಿ ಹಳೆ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸುವ ರೆಕಾರ್ಡರ್ ಒಂದಿದೆ. ಅದಕ್ಕೆ ಮಡಿ ಭಾಳ. ಆ ಮಡಿಯನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದರಲ್ಲೇ ವಾರಕ್ಕೊಂದು ಪಂಚಾಯಿತಿ ಆಗುತ್ತಲೇ ಇರುತ್ತದೆ.

ಖಾಲಿ ಡಿಸ್ಕು

ಹಿಂಜವಾಡಿಯ ಐ.ಟಿ. ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನವರೊಬ್ಬರು ಕಂಪ್ಯೂಟರಿನ ಖಾಲಿ ಡಿಸ್ಕುಗಳ ಕಟ್ಟು ತಂದಿದ್ದರು. ಯಂತ್ರ ಒಂದೊಂದನ್ನೂ ಮೂಸಿ ಹೊರಗೆ ಹಾಕಿತು. ಕಂಪ್ಯೂಟರಿನದೂ ಸಂಗೀತದ್ದೂ ನೋಡಲಿಕ್ಕೆ ಒಂದೇ, ಆದರೆ ಸಂಗೀತಕ್ಕೆಂದು ಗುರುತು ಇದ್ದದ್ದೇ ಇದಕ್ಕೆ ಬೇಕು ಎಂದೆ. ಅವರಿಗೆ ಬೇಸರವೇ ಆಗಲಿಲ್ಲ.

"ನಮ್ ಆಫೀಸ್ ಗೇಟಲ್ಲೂ ಹಿಂಗೇ ಸಾರ್. ಮುಖ ನೋಡಲ್ಲ, ಕಾರ್ಡ್ ನೋಡ್ತಾರೆ."

ಮುಚ್ಚಿದ ಮೇಲೆ

ರೆಕಾರ್ಡ್ ಆದ ಡಿಸ್ಕನ್ನು ಕೊನೆಗೆ ಯಂತ್ರದ ಗುಂಡಿ ಒತ್ತಿ ಮುಚ್ಚಬೇಕು, ಇಲ್ಲದಿದ್ದರೆ ಬೇರೆ ಪ್ಲೇಯರಿನಲ್ಲಿ ಹಾಡುವುದಿಲ್ಲ. ಮುಚ್ಚಿದ ಮೇಲೆ ಒಂದಕ್ಷರವೂ ಸೇರುವುದಿಲ್ಲ. ಧಾರವಾಡದ ಸಂಗೀತದ ಟೀಚರೊಬ್ಬರು ಎಲ್ಲ ಮುಗಿದ ಮೇಲೆ ಇನ್ನೊಂದು ಭಜನೆ ತಂದರು. ಜಾಗ ಉಳಿದಿದೆ, ಆದರೆ ಬಾಗಿಲು ಹಾಕಿಯಾಗಿದೆ ಎಂದೆ.

"ನಮ್ಮ ಕಡೆ ಬಸ್ಸಿನ್ಯಾಗ ಬಾಗಿಲಾ ಹಾಕಿದ ಮ್ಯಾಲೇನ ಹತ್ತು ಮಂದಿ ಹತ್ತತಾರ್ರೀ," ಎಂದರು ಅವರು.

ತೊಂಬತ್ತೊಂಬತ್ತು

ಕಲಬುರಗಿ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ತೀರಿಕೊಂಡ ಯಜಮಾನರ ಧ್ವನಿ ಉಳಿದದ್ದು ಅವರು ತಂದ ಒಂದೇ ಕ್ಯಾಸೆಟ್ಟಿನಲ್ಲಿ. ಮನೆಯ ಟೇಪ್ ಕೆಟ್ಟಿದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ.

ಯಜಮಾನರದು ನಿಧಾನದ ಮಾತು. ಎರಡು ಮಾತಿಗೊಮ್ಮೆ ಎಲೆ ಅಡಿಕೆ ಅಗಿಯುತ್ತ ಸುಮ್ಮನಾಗುತ್ತಿದ್ದರು. ಸುಮ್ಮನಾದಾಗಲೆಲ್ಲ ಯಂತ್ರ ಒಂದು ಹಾಡು ಮುಗಿಯಿತೆಂದು ತಿಳಿದು ಹೊಸ ನಂಬರು ಹಾಕುತ್ತ ಹೋಯಿತು. ಒಂದು ಡಿಸ್ಕಿಗೆ ಇರುವುದೇ ತೊಂಬತ್ತೊಂಬತ್ತು ನಂಬರು. "ಒಂದ ಮಾತ ನಾ ಯಾರ ಮುಂದೂ ಹೇಳಿಲ್ಲ" ಎಂದು ಅವರು ಸುಮ್ಮನಾಗುವುದಕ್ಕೂ ನಂಬರು ತೀರಿ ಯಂತ್ರ ನಿಲ್ಲುವುದಕ್ಕೂ ಸರಿಹೋಯಿತು. ನಾನು ಗಾಬರಿಯಿಂದ ಟೇಪನ್ನೂ ನಿಲ್ಲಿಸಿದೆ.

ಇಂಥಾ ಹೊತ್ತಿನಲ್ಲಿ ಬಾಯಿ ಕಟ್ಟುವುದು ಎಂಥಾ ಯಂತ್ರ ಎಂದು ಅಜ್ಜಿ ಕಣ್ಣೊರೆಸಿಕೊಂಡರು. ತಾನಾಗಿ ನಂಬರು ಹಾಕುವುದನ್ನು ಬಂದ್ ಮಾಡಿ, ಹೊಸ ಡಿಸ್ಕಿಗೆ ಮೊದಲಿನಿಂದ ಇಳಿಸತೊಡಗಿದೆ. ಮತ್ತೆ ಆ ಮಾತು ಬಂತು. ಮತ್ತೆ ಮೌನ. ಮಗ ಸ್ಪೀಕರಿಗೆ ಕಿವಿ ಹಚ್ಚಿದ.

ಟೇಪಿನಿಂದ ಹೆಂಗಸೊಬ್ಬಳ ಧ್ವನಿ ಬಂತು: "ರೊಟ್ಟಿ ಆರಲಿಕತ್ತಾವ. ಸಾಕು ಬಂದ್ ಮಾಡ್ರಿ ಅದನ್ನ."

ಟಕ್ ಎಂದಿತು. ಮುಂದೆ ಟೇಪು ಖಾಲಿ.

ಮಗ ತಾಯಿಯನ್ನು ನೋಡಿದ. ಅಜ್ಜಿ ಸೆರಗು ಸರಿಮಾಡಿಕೊಂಡು ನನಗೆ ಹೇಳಿದರು:

"ಹೋಗ್ಲಿ ಬಿಡ್ರಿ. ನಿಮ್ಮ ಮಿಷನ್ ತೊಂಬತ್ತೊಂಬತ್ತರ ತನಕಾ ತಡಕೊಂತು. ನಾ ಅಷ್ಟೂ ತಡಕೊಂಡಾಕಿ ಅಲ್ಲ."