ಅತ್ತೆಯ ಪಿನ್ನು, ನನ್ನ ಪ್ಲಾಸ್ಮಾ ಅಲೆ

ಇನ್ನು ಹತ್ತು ದಿನ ಈ ಹೊಲದಲ್ಲಿ ಕಬ್ಬಿಣದ ಒಂದು ಚೂರೂ ಇರಬಾರದು ಎಂದು ನಾನು ಘೋಷಿಸಿದಾಗ ಅತ್ತೆ ನನ್ನನ್ನೊಮ್ಮೆ ನೋಡಿದರು, ಮೂಲೆಯಲ್ಲಿದ್ದ ಕುಡಗೋಲು, ಗುದ್ದಲಿ, ಹಾರೆಗಳನ್ನೊಮ್ಮೆ ನೋಡಿದರು.

"ಹಂಗಾದ್ರ ಹೊಲದಾಗ ಇನ್ನೇನ ಉಳಿತೈತಿ?"

"ವಿಜ್ಞಾನ ಉಳಿತೈತ್ರಿ ಅತ್ತಿ" ಎಂದೆ. ಅಷ್ಟು ಧೈರ್ಯವಾಗಿ ನಾನು ಮಾತಾಡಿದ್ದು ಅದೇ ಕೊನೆ.

ನಾನು ಗ್ರಹ ವಿಜ್ಞಾನಿ. ಈ ಕೆಲಸದಲ್ಲಿ ಇನ್ನೂ ಈಗಷ್ಟೇ ಕಣ್ಣು ಬಿಡುತ್ತಿರುವವಳು. ಗ್ರಹಗಳ ಸುತ್ತ ಕಣ್ಣಿಗೆ ಕಾಣದ ಕಾಂತಕ್ಷೇತ್ರ ಇರುತ್ತದೆ. ಸೂರ್ಯನಿಂದ ಹೊರಟ, ವಿದ್ಯುತ್ ತುಂಬಿದ ಅನಿಲ, ಅಂದರೆ ಪ್ಲಾಸ್ಮಾ, ಬಂದು ಅದಕ್ಕೆ ತಾಗಿದಾಗ ಅಲೆಗಳು ಏಳುತ್ತವೆ. ಆ ಅಲೆ ಹಿಡಿಯುವ ಉಪಕರಣವೊಂದನ್ನು ಬೆಂಗಳೂರಿನ ನಮ್ಮ ಸಂಸ್ಥೆಯಲ್ಲಿ ತಯಾರಿಸಿದ್ದೆವು. ಮುಂದೆಂದೋ ಬೇರೆ ಗ್ರಹಕ್ಕೆ ಹೋಗಬೇಕಾದ ಅದು, ಮೊದಲು ಭೂಮಿಯ ಮೇಲೆ ಯಾವುದಾದರೂ ನಿಶ್ಶಬ್ದ ಜಾಗದಲ್ಲಿ ಹತ್ತು ದಿನದ ಶುದ್ಧ ದಾಖಲೆ ಕೊಡಬೇಕಿತ್ತು. ಕೊಟ್ಟರೆ ನನ್ನ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತದೆ. ಕೊಡದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ.

"ಅಂಥ ಜಾಗ ನಮ್ಮಲ್ಲೇ ಇದೆ" ಎಂದು ಸಭೆಯಲ್ಲಿ ಕೈ ಎತ್ತಿದವಳು ನಾನೇ. ನವಿಲುತೀರ್ಥದ ಈಚೆ, ಮುನವಳ್ಳಿ ದಾರಿಯಲ್ಲಿ ನನ್ನ ಗಂಡನ ಮನೆಯವರ ಹೊಲ. ಹೊಲದಲ್ಲೇ ಮನೆ. ಅತ್ತೆ ನೀಲವ್ವ ಅಲ್ಲಿ ಒಂದು ಎಮ್ಮೆಯನ್ನು ಮಂತ್ರಿಯಾಗಿಟ್ಟುಕೊಂಡು ರಾಜ್ಯವಾಳುತ್ತಾರೆ. ಗಂಡ ಬಸವರಾಜ ರಾಮದುರ್ಗದಲ್ಲಿ ಗಣಿತದ ಮಾಸ್ತರು. ಶಾಲೆಗೆ ರಜೆ ಇದ್ದುದರಿಂದ ನನ್ನ ಜೊತೆ ಬಂದಿದ್ದರು.

ಬೆಂಗಳೂರಿನಿಂದ ಸವದತ್ತಿಯವರೆಗೆ ಉಪಕರಣವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದಕ್ಕೆ ನನ್ನ ಸೊಂಟ ಹಿಡಿದಿತ್ತು. ದಿನಕ್ಕೆರಡು ಸಲ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಗಂಡ ಸವದತ್ತಿ ಪೇಟೆಯಿಂದ ಸೊಂಟಕ್ಕೆ ಕಟ್ಟುವ ದಪ್ಪ ಬಟ್ಟೆಯ ಪಟ್ಟಿ ತಂದುಕೊಟ್ಟು, "ಡಬ್ಬಿ ಮ್ಯಾಲ ಏನೇನೋ ಬರದಾರ, ಓದಿ ಕಟಗೋ" ಎಂದರು. ಪಟ್ಟಿಯ ಡಬ್ಬಿ ಓದಲಿಕ್ಕೆ ನಾನು ಡಾಕ್ಟರೇಟ್ ಮಾಡಿರಲಿಲ್ಲ. ಡಬ್ಬಿ ಕಿತ್ತೆಸೆದು ಕುರ್ತಾದ ಒಳಗೆ ಪಟ್ಟಿ ಕಟ್ಟಿಕೊಂಡೆ. ಹಾಯೆನಿಸಿತು.

ಹೊಲದ ನಡುವೆ ಗುಂಡಿ ತೋಡಿ, ಉಪಕರಣ ಹೂತು, ಮೇಲೆ ಪ್ಲಾಸ್ಟಿಕ್ ಡ್ರಮ್ ಬೋರಲು ಹಾಕಿದೆವು. ಅಲ್ಲಿಂದ ಮನೆಯ ಲ್ಯಾಪ್‌ಟಾಪಿಗೆ ಉದ್ದನೆಯ ತಂತಿ. ಆಮೇಲೆ ಶುದ್ಧೀಕರಣ ಪರ್ವ ಶುರುವಾಯಿತು. ಹಾರೆ, ಗುದ್ದಲಿ ಪಕ್ಕದ ಹೊಲದವರ ಮನೆಗೆ ಹೋದವು. ಕಬ್ಬಿಣದ ಸರಪಳಿ ಕಟ್ಟಿಕೊಂಡಿದ್ದ ತಪ್ಪಿಗೆ ಎಮ್ಮೆಯೂ ಹೋಯಿತು. ಗಂಡನ ಮೋಟರ್ ಸೈಕಲ್ ಕಾಲುವೆಯ ಆಚೆ ನಿಂತಿತು. ಕೊನೆಗೆ ನನ್ನ ಕಣ್ಣು ಅತ್ತೆಯ ತಾಳಿಸರದ ಮೇಲೆ ಬಿತ್ತು. ಅದರಲ್ಲಿ ಒಂದು ಗೊಂಚಲು ಪಿನ್ನು ತೂಗುತ್ತಿತ್ತು.

"ಅತ್ತಿ, ಆ ಪಿನ್ನ ತಗದಿಡ್ರಿ."

"ನನ್ನ ಮದವಿ ಆದಾಗಿಂದ ಇಲ್ಲೇ ಅದಾವು. ಒಂದ ಮುಳ್ಳ ತಗೀಲಿಕ್ಕ, ಒಂದ ಸೀರಿಗೆ, ಉಳದದ್ದ ಮಂದಿಗೆ. ಇವು ನಿನ್ನ ಡಬ್ಬಿಗೆ ಏನ ಮಾಡತಾವು?"

"ದಾಖಲೆ ಕೆಡಸತಾವ್ರಿ."

ನಿಜ ಹೇಳಿಬಿಡುತ್ತೇನೆ. ಒಂದು ಚೂರು ಲೆಕ್ಕ ಹಾಕಿದ್ದರೂ ಅಡುಗೆ ಮನೆಯ ಪಿನ್ನಿನಿಂದ ಅಷ್ಟು ದೂರದ ಉಪಕರಣಕ್ಕೆ ಏನೂ ಆಗದು ಎಂದು ನನಗೇ ತಿಳಿಯುತ್ತಿತ್ತು. ಆದರೆ ಮದುವೆಯಾಗಿ ಮೂರು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲ ಸಲ. ಆ ರುಚಿ ಬಿಡಲಾಗಲಿಲ್ಲ. ಅತ್ತೆ ಒಂದೊಂದೇ ಪಿನ್ನು ಬಿಚ್ಚಿ ತಾಟಿನಲ್ಲಿ ಹಾಕಿದರು. ಒಡವೆ ಕಳಚಿಕೊಟ್ಟವರ ಮುಖ ಮಾಡಿಕೊಂಡು ಒಳಗೆ ಹೋದರು. ನಾನೂ ಗಡಿಯಾರ, ಮೊಬೈಲು, ತಲೆಯ ಕ್ಲಿಪ್ಪು ತೆಗೆದಿಟ್ಟು, ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ, ನನಗೆ ನಾನೇ ಶುದ್ಧಳೆಂದು ಪ್ರಮಾಣಪತ್ರ ಕೊಟ್ಟುಕೊಂಡೆ.

ಡ್ರಮ್ಮಿನ ಹತ್ತಿರ ಯಾರನ್ನೂ ಬಿಡುವಂತಿರಲಿಲ್ಲ. ಸೊಂಟಕ್ಕೆ ನಡಿಗೆಯೂ ಬೇಕಿತ್ತು. ಹಾಗಾಗಿ ಮುಂಜಾನೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಡ್ರಮ್ಮಿನ ಸುತ್ತಲೇ ತಿರುಗಿ ಕಾವಲು ಕಾದೆ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಎರಡೂ ಹೊತ್ತ ಸುತ್ತ ಹಾಕತಿ. ಅದರ ಮುಂದ ಒಂದ ಕಾಯಿನರೆ ಒಡಿಯವಾ."

ಮೊದಲ ದಿನದ ದಾಖಲೆ ತೆರೆದವಳು ಕುರ್ಚಿಯಿಂದ ಎದ್ದು ನಿಂತೆ. ಪರದೆಯ ಮೇಲೆ ಸಣ್ಣ ಅಲೆಗಳು! ದಪ್ಪವಾಗಿ, ತೆಳುವಾಗಿ, ಮತ್ತೆ ದಪ್ಪವಾಗಿ, ದಾರಕ್ಕೆ ಮುತ್ತು ಪೋಣಿಸಿದ ಹಾಗೆ ಸಾಲಾಗಿ ಬಂದಿದ್ದವು. ನಮ್ಮ ವಿದ್ಯೆಯಲ್ಲಿ ಇವಕ್ಕೆ ಮುತ್ತಿನ ಅಲೆ ಎಂದೇ ಹೆಸರು. ಧ್ರುವಗಳ ಕಡೆ ಸಿಗುತ್ತವೆ, ನಮ್ಮ ಸೀಮೆಯಲ್ಲಿ ಬಹಳ ಅಪರೂಪ. ನನಗೆ ಮೊದಲ ದಿನವೇ ಸಿಕ್ಕವು. ಎರಡನೆಯ ದಿನ ಸಿಕ್ಕವು. ಮೂರನೆಯ, ನಾಲ್ಕನೆಯ ದಿನವೂ ಸಿಕ್ಕವು. ಮುಂಜಾನೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ.

ಗಂಡ ಪರದೆಯನ್ನೇ ನೋಡುತ್ತ ಕೂತಿದ್ದವರು, "ನೀ ತಿರಗೂ ಹೊತ್ತಿಗೇ ಬರತಾವಲ್ಲ ಇವು" ಎಂದರು.

"ನಾ ತಿರಗೂದು ಹೊತ್ತ ಮೂಡೂವಾಗ, ಮುಳಗೂವಾಗರಿ. ಸೂರ್ಯನ ಅಲಿ ಆವಾಗ ಬರದ ಇನ್ಯಾವಾಗ ಬರಬೇಕು?" ಎಂದು ಅರ್ಧ ಹಾಳೆಯ ಸಮೀಕರಣ ಬರೆದು ತೋರಿಸಿದೆ. ಗಣಿತದ ಮಾಸ್ತರು ಅದನ್ನು ಓದಿ, ಮಡಚಿ, ಸುಮ್ಮನೆ ಚಹಾ ಕುಡಿದರು. ಮಾಸ್ತರು ಸುಮ್ಮನಾದರೆ ಉತ್ತರ ತಪ್ಪಿದೆ ಎಂದು ರಾಮದುರ್ಗದ ಮಕ್ಕಳಿಗೂ ಗೊತ್ತು. ನನಗೆ ಗೊತ್ತಾಗಲಿಲ್ಲ.

ಆ ರಾತ್ರಿಯೇ ನಮ್ಮ ಯೋಜನೆಯ ಮುಖ್ಯಸ್ಥರಿಗೆ ಪತ್ರ ಬರೆದೆ. 'ಮಲಪ್ರಭಾ ತೀರದಲ್ಲಿ ಮುತ್ತಿನ ಅಲೆಗಳ ನಿಯಮಿತ ದರ್ಶನವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.' ಕಳಿಸಿ, ಮರುದಿನ ಬೈಲಹೊಂಗಲಕ್ಕೆ ಹೋದೆ. ಅಕ್ಕನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಅಲ್ಲಿ ಎರಡು ದಿನ ಹೋಳಿಗೆ ಉಂಡು, ಬಂದವರಿಗೆಲ್ಲ ಪ್ಲಾಸ್ಮಾ ಅಂದರೇನು ಎಂದು ತಿಳಿಸಿಕೊಟ್ಟೆ. ಅವರೂ ಹೋಳಿಗೆ ಉಣ್ಣುತ್ತ ತಿಳಿದುಕೊಂಡರು.

ಹಿಂತಿರುಗಿ ಬಂದು ನೋಡಿದರೆ ಎಮ್ಮೆ ಕೊಟ್ಟಿಗೆಯಲ್ಲಿತ್ತು. ಹಾರೆ, ಗುದ್ದಲಿ ಮೂಲೆಯಲ್ಲಿದ್ದವು. ಅಂಗಳದಲ್ಲಿ ಮೋಟರ್ ಸೈಕಲ್ ನಿಂತಿತ್ತು. ಓಡಿಹೋಗಿ ಲ್ಯಾಪ್‌ಟಾಪ್ ತೆರೆದೆ. ಆ ಎರಡು ದಿನದ ಪರದೆಯ ಮೇಲೆ ಒಂದೂ ಮುತ್ತಿರಲಿಲ್ಲ. ಗೆರೆ ನಿದ್ದೆ ಹೋದ ಕೂಸಿನಂತೆ ಮಲಗಿತ್ತು.

"ಅತ್ತಿ, ನನ್ನ ನೌಕರಿ ಹೋತ್ರಿ! ಎಮ್ಮಿ ತಂದ ಕಟ್ಟಿ ನನ್ನ ಅಲಿ ಓಡಿಸಿಬಿಟ್ರಿ" ಎಂದು ಅಡುಗೆ ಮನೆಗೆ ನುಗ್ಗಿದೆ. ಕಣ್ಣಲ್ಲಿ ನೀರೇ ಬಂದಿತ್ತು.

"ಪರರ ಮನ್ಯಾಗ ಎಮ್ಮಿ ಹಾಲ ಕೊಡವಲ್ದಾಗಿತ್ತು. ತಂದ ಕಟ್ಟೇನಿ. ಪಿನ್ನೂ ಇವತ್ತ ಹಾಕ್ಕೋತೇನಿ" ಎಂದು ಅತ್ತೆ ಪಿನ್ನಿನ ತಾಟನ್ನು ಅಡುಗೆ ಕಟ್ಟೆಯ ಮೇಲಿಟ್ಟರು. ನಾನು ಅದೇ ಕಟ್ಟೆಗೆ ಸೊಂಟ ಆನಿಸಿ ನಿಂತು, ಕಾಂತಕ್ಷೇತ್ರದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡಿದೆ. ಭಾಷಣ ಮುಗಿಯಿತು. ಅತ್ತೆ ತಾಟಿಗೆ ಕೈ ಹಾಕಿದರು. ತಾಟು ಖಾಲಿ!

ಅತ್ತೆ ಕಟ್ಟೆಯ ಕೆಳಗೆ ಹುಡುಕಿದರು, ಒಲೆಯ ಹಿಂದೆ ಹುಡುಕಿದರು. ಆಮೇಲೆ ನನ್ನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದರು.

"ನನ್ನ ಪಿನ್ನ ನಿನ್ನ ಸೊಂಟಕ್ಕ ಹತ್ತ್ಯಾವಲ್ಲವಾ."

ಕೆಳಗೆ ನೋಡಿಕೊಂಡೆ. ಕುರ್ತಾದ ಮೇಲೆ, ಸೊಂಟದ ಸುತ್ತ, ಅತ್ತೆಯ ಪಿನ್ನುಗಳು ಡಾಬು ತೊಡಿಸಿದ ಹಾಗೆ ಸಾಲಾಗಿ ಅಂಟಿಕೊಂಡಿದ್ದವು. ಒಂದನ್ನು ಕಿತ್ತೆ. ಬಿಟ್ಟ ಕೂಡಲೆ ಮತ್ತೆ ಅಲ್ಲಿಗೇ ಹೋಗಿ ಕೂತಿತು. ಪಟ್ಟಿಯ ಒಳಗೆ ಒಂದು ಡಜನ್ ಅಯಸ್ಕಾಂತ ಹೊಲಿದಿದ್ದರು.

ಬಾಗಿಲಲ್ಲಿ ನಿಂತಿದ್ದ ಗಂಡ, "ಡಬ್ಬಿ ಮ್ಯಾಲ ಬರದಿತ್ತು" ಎಂದರು. "ಓದು ಅಂದಿದ್ನಿ."

ನನಗೆಲ್ಲ ಹೊಳೆಯಿತು. ಹೆಜ್ಜೆ ಹಾಕಿದಾಗಲೆಲ್ಲ ನನ್ನ ಸೊಂಟ ಅಲುಗಿ ಒಂದೊಂದು ಅಲೆ ಎದ್ದಿತ್ತು. ಒಂದು ಕಡೆ ಬದು ಇದ್ದುದರಿಂದ ಅಲ್ಲಿ ನಾನು ಡ್ರಮ್ಮಿನ ಹತ್ತಿರವೇ ಹಾಯುತ್ತಿದ್ದೆ. ಹತ್ತಿರ ಬಂದಾಗ ಅಲೆ ದಪ್ಪ, ದೂರ ಹೋದಾಗ ತೆಳು. ಹೆಜ್ಜೆಗೊಂದು ಅಲೆ, ಸುತ್ತಿಗೊಂದು ಮುತ್ತು. ಕಾವಲು ಕಾಯಲು ಹೋದವಳೇ ದಿನಕ್ಕೆರಡು ಸಲ ಒಳಗೆ ನುಗ್ಗಿದ್ದೆ. ಎಮ್ಮೆಯ ತಪ್ಪೇನೂ ಇರಲಿಲ್ಲ.

ಬಹಳ ನಾಚಿಕೆಯಾಯಿತು. ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು. ಮುಖ್ಯಸ್ಥರಿಗೆ ಎರಡನೆಯ ಪತ್ರ ಬರೆಯಲೇಬೇಕಿತ್ತು. ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿ, ಕೊನೆಗೆ ಆರೂ ದಿನದ ದಾಖಲೆ ಲಗತ್ತಿಸಿ ಹೀಗೆ ಬರೆದೆ: 'ಹಿಂದಿನ ಪತ್ರದಲ್ಲಿ ತಿಳಿಸಿದ ಅಲೆಗಳ ಮೂಲ ಪತ್ತೆಯಾಗಿದೆ. ಅವು ಸೂರ್ಯನಿಂದ ಬಂದವಲ್ಲ. ಮೂಲವು ಈ ಪತ್ರದ ಕೆಳಗೆ ಸಹಿ ಮಾಡಿದೆ.'

ಮರುದಿನ ಉತ್ತರ ಬಂತು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದೆ. 'ಮೊದಲ ನಾಲ್ಕು ದಿನದ ದಾಖಲೆ ತೆಗೆದುಹಾಕಿ. ಐದು ಮತ್ತು ಆರನೆಯ ದಿನದ್ದು ಅತ್ಯುತ್ತಮವಾಗಿದೆ. ಆ ಎರಡು ದಿನ ಕೆಲಸ ನಿರ್ವಹಿಸಿದವರು ಯಾರು? ಅವರಿಂದಲೇ ಇನ್ನೆಂಟು ದಿನ ಮಾಡಿಸಿ. ಅದು ಹೀಗೇ ಬಂದರೆ ನಿಮ್ಮ ಅವಧಿ ವಿಸ್ತರಣೆಗೆ ನಾನು ಬರೆಯುತ್ತೇನೆ.'

ಕೆಲಸ ನಿರ್ವಹಿಸಿದವರು ಎಮ್ಮೆ ಹಿಂಡುತ್ತಿದ್ದರು. ವಿಷಯ ಹೇಳಿದೆ. ಅತ್ತೆ ಬಕೆಟ್ಟಿನಿಂದ ತಲೆ ಎತ್ತದೆ ಒಂದೇ ಷರತ್ತು ಹಾಕಿದರು.

"ನೀ ರಾಮದುರ್ಗಕ್ಕ ಹೋಗು."

ಹೋದೆ. ಶಾಲೆಯ ರಜೆ ಮುಗಿದಿತ್ತು; ಎಂಟು ದಿನ ಗಂಡನಿಗೆ ಬುತ್ತಿ ಕಟ್ಟಿಕೊಡುತ್ತ ಕೂತೆ. ಒಂಬತ್ತನೆಯ ದಿನ ದಾಖಲೆ ತರಲು ಹೊಲಕ್ಕೆ ಬಂದರೆ ಅತ್ತೆ ದಾರಿಯಲ್ಲೇ ತಡೆದರು. ಕೈಯಲ್ಲಿ ಒಂದು ದಾರ, ದಾರದ ತುದಿಗೆ ಒಂದು ಪಿನ್ನು.

"ಕೈ ಎತ್ತಿ ನಿಂದರು."

ಕಾಂತಕ್ಷೇತ್ರದಲ್ಲಿ ಡಾಕ್ಟರೇಟ್ ಪಡೆದ ನಾನು ಎರಡೂ ಕೈ ಎತ್ತಿ ನಿಂತೆ. ಅತ್ತೆ ಪಿನ್ನನ್ನು ನನ್ನ ಸೊಂಟದ ಸುತ್ತ ಒಂದು ಸುತ್ತು ನಿಧಾನವಾಗಿ ತೂಗುಬಿಟ್ಟು ನೋಡಿದರು. ಅದು ಅಲುಗಲಿಲ್ಲ. ನನ್ನ ಅವಧಿ ಎರಡು ವರ್ಷ ಮುಂದುವರಿದದ್ದು ಆ ಹತ್ತು ದಿನದ ದಾಖಲೆಯಿಂದ, ಮತ್ತು ಆ ಹತ್ತರಲ್ಲಿ ಒಂದು ದಿನವೂ ನಾನು ಅಲ್ಲಿರಲಿಲ್ಲ.

"ಈಗ ಹೋಗು" ಎಂದು ಅತ್ತೆ ಪಿನ್ನನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡರು. "ಲಗೂನ ಹೊರಗ ಬಾ."