ಎರಡು ಕಾಲಿಗೂ ಗುರುತು

ಒಂದು ನೇರಳೆ ಬಣ್ಣದ ಪೆನ್ನಿನಿಂದ ಇಷ್ಟೆಲ್ಲ ಆಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಮಾಸ್ತರನ್ನು ಒಂದು ಪೀಠದ ಮೇಲೆ ನಿಲ್ಲಿಸಿದರು. ಎಡಗಾಲಿನ ಹಿಂಭಾಗಕ್ಕೆ ತಣ್ಣನೆಯ ಜೆಲ್ ಬಳಿದು ಸ್ಕ್ಯಾನ್ ಯಂತ್ರದ ಹಿಡಿಯನ್ನು ಆಡಿಸುತ್ತ, ಉಬ್ಬಿದ ರಕ್ತನಾಳ ಎಲ್ಲೆಲ್ಲಿ ತಿರುಗಿದೆಯೋ ಅಲ್ಲೆಲ್ಲ ಆ ಪೆನ್ನಿನಿಂದ ಗೆರೆ ಎಳೆದರು. ಮೂವತ್ತೊಂದು ವರ್ಷ ಕೋಟಿನ ಬಟ್ಟೆಯ ಮೇಲೆ ತಾವೇ ಗೆರೆ ಎಳೆದವರು ಮಾಸ್ತರು. ಬೇರೆಯವರು ತಮ್ಮ ಮೇಲೆ ಗೆರೆ ಎಳೆಯುವಾಗ ಬಟ್ಟೆಯಂತೆಯೇ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ಕೊಯ್ಯೋದಿಲ್ಲ, ಹೊಲಿಗೆ ಇಲ್ಲ," ಎಂದರು ಡಾಕ್ಟರು. "ಸೂಜಿಯಷ್ಟು ತೂತು. ಅದರಲ್ಲಿ ದಾರದಂಥ ತಂತಿ ಬಿಟ್ಟು, ಲೇಸರಿನಿಂದ ಕೆಟ್ಟ ನಾಳ ಮುಚ್ಚಿಬಿಡ್ತೀವಿ. ಸಾಯಂಕಾಲ ನಡ್ಕೊಂಡೇ ಮನೆಗೆ ಹೋಗ್ತೀರಿ."

"ಸೋಮವಾರ ನಿಂತ್ಕೋಬಹುದಾ ಸಾರ್?"

"ಬಿಗಿ ಕಾಲುಚೀಲ ಹಾಕ್ಕೊಂಡು, ಮಧ್ಯೆ ಮಧ್ಯೆ ಓಡಾಡ್ತಾ ಇದ್ರೆ, ನಿಂತ್ಕೊಳ್ಳಿ."

ಮಾಸ್ತರಿಗೆ ಬೇಕಾಗಿದ್ದುದು ಆ ಒಂದೇ ಮಾತು. ಅವರು ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ತರು. ಬಟ್ಟೆ ಕತ್ತರಿಸುವ ಮೇಜು ಸೊಂಟದೆತ್ತರ; ಅದರ ಮುಂದೆ ಕೂತು ಕತ್ತರಿ ಆಡಿಸಲು ಸಾಧ್ಯವಿಲ್ಲ. ಕಾಲು ಊದಿ ಊದಿ ಅವರು ಗಂಟೆಗೊಮ್ಮೆ ಕೂರುವುದನ್ನು ನೋಡಿದ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು: "ಸೋಮವಾರದಿಂದ ವಾದ್ಯವೃಂದದವರ ನಲವತ್ತು ಕೋಟು ಶುರು. ನೀವು ನಿಲ್ಲೋದಾದ್ರೆ ನಿಲ್ಲಿ. ಇಲ್ಲಾಂದ್ರೆ ಮೇಜು ನಮ್ಮ ಜೇಬು ಹೊಲಿಯೋ ಜೇಬಣ್ಣನಿಗೆ. ನಿಮಗೆ ಗುಂಡಿ ಹೊಲಿಯೋ ಸ್ಟೂಲು ಇದ್ದೇ ಇದೆ."

ಲೇಸರ್ ಯಂತ್ರ ಬೇರೊಂದು ಆಸ್ಪತ್ರೆಯಿಂದ ಮೂರು ಗಂಟೆಗೆ ಬರಬೇಕಿತ್ತು. "ಅಲ್ಲೀವರೆಗೆ ಎಲ್ಲಾದ್ರೂ ಇರಿ. ಗೆರೆ ಮಾತ್ರ ಅಳಿಸಬೇಡಿ," ಎಂದು ನರ್ಸು ಎಚ್ಚರಿಸಿದಳು. ಜೆಲ್ ಒರೆಸುವಾಗ ಗೆರೆಗಳ ಪಕ್ಕದಲ್ಲಷ್ಟೇ ಹತ್ತಿ ಆಡಿಸಿ, ಪ್ಯಾಂಟಿನ ಕಾಲನ್ನು ತಾನೇ ಮೆಲ್ಲಗೆ ಇಳಿಸಿದಳು.

ಮಾಸ್ತರಿಗೆ ಎಲ್ಲಾದರೂ ಎಂದರೆ ಅಂಗಡಿಯೇ. ಎರಡು ಬೀದಿಯಾಚೆ.

ಅಂಗಡಿಯಲ್ಲಿ ಇಬ್ಬರಿದ್ದರು. ಒಬ್ಬಳು ಫಿನಿಷಿಂಗ್ ಅಕ್ಕ. ಸಿದ್ಧವಾದ ಬಟ್ಟೆಯ ಮೇಲೆ ಉಳಿದ ಸೀಮೆಸುಣ್ಣ, ಶಾಯಿ, ಎಣ್ಣೆಯ ಚುಕ್ಕೆಗಳನ್ನೆಲ್ಲ ತೆಗೆದು ಮಡಿಸುವುದು ಅವಳ ಕೆಲಸ. ಇನ್ನೊಬ್ಬ ಜೇಬಣ್ಣ. ಇಪ್ಪತ್ತು ವರ್ಷದಿಂದ ಜೇಬು ಬಿಟ್ಟು ಬೇರೇನೂ ಹೊಲಿದವನಲ್ಲ. ಎಡ ಜೇಬಿಗೂ ಬಲ ಜೇಬಿಗೂ ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಸುಡ್ತಾರಂತೆ ಒಳಗೆ! ಹೊಗೆ ಎಲ್ಲಿಂದ ಹೋಗುತ್ತೆ ಮಾಸ್ತರೇ?" ಎಂದ ಜೇಬಣ್ಣ.

"ನಿನ್ನ ಬಾಯಿಂದ ಹೋಗ್ಲಿ. ಮೊದಲೇ ಹೆದರಿದಾರೆ ಪಾಪ," ಎಂದು ಅಕ್ಕ ಗದರಿಸಿದಳು. "ರಾತ್ರಿಯೆಲ್ಲ ನಿದ್ದೆ ಮಾಡಿದ ಮುಖ ಅಲ್ಲ ಅದು. ಬನ್ನಿ, ಮೇಜಿನ ಮೇಲೆ ಬೋರಲು ಮಲಗಿ. ಕಾಲು ಎತ್ತರದಲ್ಲಿದ್ರೆ ಊತ ಇಳಿಯುತ್ತೆ."

ಕೋಟಿನ ಬಟ್ಟೆಯ ಎರಡು ಸುರುಳಿಗಳನ್ನು ಕಾಲಿನಡಿಗಿಟ್ಟು, ಬೆವರಿಗೆ ಅಂಟುತ್ತದೆಂದು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿ, ಫ್ಯಾನನ್ನು ಅವರ ಕಡೆ ತಿರುಗಿಸಿದಳು. ಅಷ್ಟು ಅಕ್ಕರೆ ಕಂಡು ಎಷ್ಟೋ ದಿನವಾಗಿದ್ದ ಮಾಸ್ತರು ಎರಡೇ ನಿಮಿಷಕ್ಕೆ ಗೊರಕೆ ಹೊಡೆದರು.

ಎಚ್ಚರವಾದದ್ದು ಕಾಲಿಗೆ ತಣ್ಣಗೆ ಏನೋ ತಾಗಿದಾಗ.

"ಏನಕ್ಕಾ ಅದು?"

"ಏನಿಲ್ಲ, ಮಲಗಿ. ಕಾಲೆಲ್ಲ ಶಾಯಿ ಮಾಡ್ಕೊಂಡಿದೀರಿ. ಆಸ್ಪತ್ರೆಗೆ ಹೀಗಾ ಹೋಗೋದು? ಸ್ಪಿರಿಟ್ ಹಾಕಿ ಒರೆಸಿಬಿಟ್ಟೆ. ನಮ್ಮ ಅಂಗಡಿಯಿಂದ ಕಲೆ ಇಟ್ಕೊಂಡು ಯಾವುದೂ ಆಚೆ ಹೋಗಿಲ್ಲ."

ಮಾಸ್ತರು ಬೋರಲಾಗಿದ್ದಲ್ಲೇ ದೋಣಿಯಂತೆ ಎರಡೂ ಕಡೆ ಎದ್ದರು. "ಅಯ್ಯೋ, ಅದು ಡಾಕ್ಟರು ಹಾಕಿದ ಗುರುತು! ಅದನ್ನ ನೋಡ್ಕೊಂಡೇ ಲೇಸರ್ ಬಿಡೋದು!"

ಅಕ್ಕನ ಕೈಯಿಂದ ಬಟ್ಟೆಚೂರು ಜಾರಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳು ಅಳುವುದನ್ನು ನೋಡಿ, ಕಾಲು ಕೆಟ್ಟವರು ಮಾಸ್ತರಾದರೂ ಸಮಾಧಾನ ಹೇಳಬೇಕಾದವರೂ ಅವರೇ ಆದರು. "ಇರ್ಲಿ ಬಿಡಕ್ಕ, ಗೊತ್ತಿದ್ದು ಮಾಡಿದ್ಯಾ?"

ಜೇಬಣ್ಣ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಪೂರ್ತಿ ಹೋಗಿಲ್ಲ. ಮಬ್ಬಾಗಿ ಕಾಣುತ್ತೆ. ಮಲಗಿ ಮಾಸ್ತರೇ. ಅದರ ಮೇಲೇ ಗೆರೆ ಎಳೀತೀನಿ. ಕೂದಲೆಳೆ ಆಚೀಚೆ ಆದ್ರೆ ನನ್ನ ಕೈ ಕತ್ತರಿಸಿ."

ಬೇರೆ ದಾರಿ ಇರಲಿಲ್ಲ. ಗುರುತು ಹೋಯಿತೆಂದರೆ ಲೇಸರಿನ ದಿನ ಮುಂದೆ ಹೋಗುತ್ತದೆ. ದಿನ ಹೋದರೆ ಸೋಮವಾರ ಹೋಗುತ್ತದೆ. ಮಾಸ್ತರು ಬಟ್ಟೆಯ ಸುರುಳಿಯಲ್ಲಿ ಮುಖ ಹುದುಗಿಸಿದರು. ಜೇಬಣ್ಣ ಅಂಗಡಿಯ ನೇರಳೆ ಪೆನ್ನು ಎತ್ತಿಕೊಂಡು, ಉಸಿರು ಬಿಗಿಹಿಡಿದು ಬಹಳ ಹೊತ್ತು ಕೆಲಸ ಮಾಡಿದ. ಅಳತೆಪಟ್ಟಿ ಎರಡು ಮೂರು ಸಲ ಕಾಲಿಗೆ ತಾಗಿತು. ಕೊನೆಗೆ ಅವನೇ ಮೆಚ್ಚಿ ತಲೆದೂಗಿ, ಪ್ಯಾಂಟಿನ ಕಾಲುಗಳನ್ನು ಕೆಳಗಿಳಿಸಿ, "ಹೋಗ್ಬನ್ನಿ. ದೇವರಾಣೆ ಯಾರಿಗೂ ಗೊತ್ತಾಗಲ್ಲ," ಎಂದ.

ಮೂರೂವರೆಗೆ ಡಾಕ್ಟರಿಗೆ ಗೊತ್ತಾಯಿತು.

ಹಸಿರು ಹೊದಿಕೆ ಸರಿಸಿದವರು ಹಾಗೇ ನಿಂತರು. ಎಡಗಾಲಿನಲ್ಲಿ ಇದ್ದ ಗೆರೆಗಳೆಲ್ಲ ಬಲಗಾಲಿನಲ್ಲೂ ಇದ್ದವು. ಅದೇ ತಿರುವು, ಅದೇ ಅಡ್ಡಗೀಟು, ಕನ್ನಡಿಯಲ್ಲಿ ನೋಡಿದ ಹಾಗೆ.

"ಬಲಗಾಲಿಗೆ ನಾನು ಯಾವಾಗ ಹಾಕಿದೆ?"

ನರ್ಸು ಕಾಗದ ತಿರುವಿ, "ಎಡಗಾಲು ಒಂದೇ ಸಾರ್," ಎಂದಳು. ಮಾಸ್ತರಿಗೆ ಎಲ್ಲ ಹೊಳೆಯಿತು. ಸ್ಪಿರಿಟಿನಿಂದ ಅಳತೆಪಟ್ಟಿಯವರೆಗೆ ಎಲ್ಲವನ್ನೂ ಒಪ್ಪಿಸಿದರು. "ಜೇಬು ಹೊಲಿಯೋನು ಸಾರ್. ಒಂದು ಕಡೆ ಮಾತ್ರ ಇದ್ರೆ ನೀವೇ ಮರೆತಿರಬೇಕು ಅಂದ್ಕೊಂಡಿದಾನೆ. ನಿಮ್ಮ ಮರ್ಯಾದೆ ಉಳಿಸೋಕೆ ಮಾಡಿರ್ತಾನೆ."

ನರ್ಸು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಡಾಕ್ಟರಿಗೂ ನಗು ಬಂತು. "ಸರಿ, ಗೆರೆ ಮತ್ತೆ ಹಾಕಿದ್ರಾಯ್ತು. ಅಷ್ಟು ಕಷ್ಟಪಟ್ಟು ಬರೆದಿದಾರೆ, ಬಲಗಾಲೂ ಒಮ್ಮೆ ನೋಡಿಬಿಡೋಣ," ಎಂದು ಸ್ಕ್ಯಾನಿನ ಹಿಡಿಯನ್ನು ಆ ಕಾಲಿನ ಮೇಲಿಟ್ಟರು.

ನಗು ಅಲ್ಲಿಗೇ ನಿಂತಿತು. ಮಂಡಿಯ ಹಿಂದೆ ಒತ್ತಿ ನೋಡಿದರು, ಮತ್ತೆ ಒತ್ತಿದರು.

"ಈ ಕಾಲು ನೋಯುತ್ತಾ?"

"ಎರಡು ವಾರದಿಂದ ಸ್ವಲ್ಪ ಭಾರ. ಎಡಗಾಲಿನ ಕೆಲಸಾನೂ ಇದೇ ಮಾಡ್ತಿದೆಯಲ್ಲ ಸಾರ್, ದಣಿದಿದೆ ಅಂದ್ಕೊಂಡೆ."

"ದಣಿವಲ್ಲ. ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದು ಜಾರಿ ಶ್ವಾಸಕೋಶಕ್ಕೆ ಹೋದ್ರೆ ಮನುಷ್ಯ ಉಳಿಯೋದು ಕಷ್ಟ." ಡಾಕ್ಟರು ಹಿಡಿಯನ್ನು ಕೆಳಗಿಟ್ಟರು. "ಇವತ್ತು ಲೇಸರ್ ಇಲ್ಲ. ಮೂರು ತಿಂಗಳು ಮಾತ್ರೆ, ಆಮೇಲೆ ನೋಡೋಣ. ದಿನವಿಡೀ ನಿಲ್ಲೋ ಕೆಲಸ ಬೇಡ. ಆ ಗೆರೆ ಎಳೆದವರಿಗೆ ಒಂದು ನಮಸ್ಕಾರ ಹೇಳಿ."

ಮಾಸ್ತರು ಕಾಲುಚೀಲವನ್ನು ತಿರುವುಮುರುವಾಗಿ ಹಾಕಿಕೊಳ್ಳಲು ಹೋದರು. ನರ್ಸು ಕೂತು ತಾನೇ ಹಾಕಿದಳು.

ಬದುಕಿದ್ದೇನೆ ಎಂದು ಎರಡು ಬೀದಿಯುದ್ದಕ್ಕೂ ಅವರು ತಮಗೆ ತಾವೇ ಹೇಳಿಕೊಂಡರು. ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಅದು ಅರ್ಧ ಸಮಾಧಾನ ಕೊಟ್ಟಿತ್ತು. ಯಜಮಾನರು ಎಲ್ಲ ಕೇಳಿದರು. ಕೆಟ್ಟವರೇನಲ್ಲ, ನೀರು ತರಿಸಿ ಕುಡಿಸಿದರು. ಆಮೇಲೆ ದೊಡ್ಡ ಕತ್ತರಿಯನ್ನೆತ್ತಿ ಜೇಬಣ್ಣನ ಕೈಗಿಟ್ಟರು.

ಜೇಬಣ್ಣನ ಕಣ್ಣಲ್ಲಿ ನೀರು. "ನಂಗೆ ಬೇಡ ಯಜಮಾನ್ರೇ. ಇವರ ಪ್ರಾಣ ಉಳಿಸಿ ಇವರ ಅನ್ನ ಕಿತ್ಕೊಂಡ ಹಾಗಾಯ್ತು."

"ತಗೊಳ್ಳೋ," ಎಂದರು ಮಾಸ್ತರು. "ಬೇರೆ ಯಾರೋ ಬರೋದಕ್ಕಿಂತ ನೀನೇ ವಾಸಿ."

ಸೋಮವಾರ ಮಾಸ್ತರು ಗುಂಡಿಯ ಸ್ಟೂಲಿನ ಮೇಲೆ ಕೂತರು. ಅಕ್ಕ ಅದರ ಮೇಲೆ ರಾತ್ರಿ ಹೊಲಿದ ಮೆತ್ತೆ ಹಾಕಿದ್ದಳು. ಮೊದಲ ಗುಂಡಿಗೆ ಸೂಜಿಯಲ್ಲಿ ದಾರ ಪೋಣಿಸುವಷ್ಟರಲ್ಲಿ ಜೇಬಣ್ಣ ಕೂಗಿದ:

"ಮಾಸ್ತರೇ, ತೋಳು ಯಾವ ಕಡೆಯಿಂದ ಕತ್ತರಿಸೋದು? ಒಂದ್ನಿಮಿಷ ಬಂದು ನಿಂತು ತೋರಿಸ್ತೀರಾ?"

ಮಾಸ್ತರು ಎದ್ದು ಹೋಗಿ ನಿಂತರು. ತೋಳಾದ ಮೇಲೆ ಬೆನ್ನು, ಬೆನ್ನಾದ ಮೇಲೆ ಎದೆ. ಒಂದು ಕೋಟಾದ ಮೇಲೆ ಇನ್ನೊಂದು. ದಾರ ಪೋಣಿಸಿದ ಸೂಜಿ ಸಂಜೆಯವರೆಗೂ ಮೆತ್ತೆಗೆ ಚುಚ್ಚಿಕೊಂಡೇ ಇತ್ತು. ಸಂಜೆ ಯಜಮಾನರು ಆ ಕಡೆ ಬಂದು, ಮೇಜಿನ ಒಂದು ಬದಿಯಲ್ಲಿ ಜೇಬಣ್ಣನೂ ಇನ್ನೊಂದು ಬದಿಯಲ್ಲಿ ಮಾಸ್ತರೂ ನಿಂತಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು? ನಿಲ್ಲೋಕಾಗಲ್ಲ ಅಂತ ಕೂರೋ ಕೆಲಸ ಕೊಟ್ರೆ, ಅದನ್ನೂ ಮಾಡ್ದೆ ಇಲ್ಲಿ ನಿಂತಿದೀರಲ್ಲ!"