ಕೆಂಪು ರಬ್ಬರ್ ಬ್ಯಾಂಡಿನ ಟ್ಯೂಬ್‌ಲೈಟು

ನನ್ನ ಹೆಂಡತಿಯನ್ನು ವ್ಯಾಪಾರಿಯ ಕಣ್ಣಿನಿಂದ ಅಳೆದರೆ ಹೀಗೆ: ಗಾತ್ರ ಚಿಕ್ಕದು, ಪ್ಯಾಕಿಂಗ್ ಸಾದಾ, ಸದ್ದು ಸ್ವಲ್ಪ ಜಾಸ್ತಿ, ಬಾಳಿಕೆ ಭರ್ಜರಿ. ಚೌಕಾಸಿಗೆ ಜಗ್ಗುವ ಮಾಲಂತೂ ಅಲ್ಲ!

ಇನ್ನು ನಾನು? ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯವನು. ಮಾಲನ್ನು ಕೈಗೆತ್ತಿಕೊಂಡರೆ ಸಾಕು, ಅದರ ಹಣೆಬರಹ ಹೇಳಬಲ್ಲೆ! ಅದಕ್ಕೇ ಒಂದು ಬೆಳಿಗ್ಗೆ ಘೋಷಿಸಿದೆ: "ಇವತ್ತಿಂದ ಟ್ಯೂಬ್‌ಲೈಟನ್ನ ಉರಿಸಿ ತೋರಿಸಿ ಕೊಡೋದೆಲ್ಲ ಬಂದ್. ನನ್ನ ಕೈಯೇ ಟೆಸ್ಟರು!"

"ಕೈ ಟೆಸ್ಟರಾದ್ರೆ ತಲೆ ಏನು, ಫ್ಯೂಸಾ?" ಎಂದಳು.

ಹೆಂಗಸಿನ ಮಾತು ಎಂದು ಕಿವಿಗೆ ಹಾಕಿಕೊಳ್ಳದೆ ಬ್ಯಾಂಕಿಗೆ ಹೊರಟೆ. ಅವಳು ಮನೆಯಲ್ಲಿ ಕೆಟ್ಟ ಟ್ಯೂಬ್‌ಲೈಟುಗಳನ್ನು ಜೋಡಿಸುತ್ತಿದ್ದಳು. ಅವುಗಳೊಳಗೆ ಪಾದರಸವಿದೆ, ಒಡೆದರೆ ಆವಿ ಉಸಿರಿಗೆ ಸೇರುತ್ತದೆ, ಕಸದ ಜೊತೆ ಎಸೆಯುವಂತಿಲ್ಲ, ಮರುಬಳಕೆಯವರ ಗಾಡಿ ಬರುವ ತನಕ ಇಡಿಯಾಗಿಯೇ ಕಾಯಬೇಕು. ಇದು ನಮ್ಮ ಮನೆಯ ಶಾಸನ. ಒಂದೊಂದನ್ನೂ ಹೊಸ ಟ್ಯೂಬು ಬಂದ ರಟ್ಟಿನ ಕವರಿನೊಳಗೆ ಕೂಸು ಮಲಗಿಸಿದಂತೆ ಇಳಿಸಿ, ತುದಿ ಮುಚ್ಚಿ, ಗುರುತಿಗೆ ಕೆಂಪು ರಬ್ಬರ್ ಬ್ಯಾಂಡು ಹಾಕಿ, ನಾನಿಲ್ಲದಾಗ ತಂದು ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದಾಳೆ.

ನಾನು ಬಂದು ನೋಡಿದರೆ ಮೂಲೆಯಲ್ಲಿ ಹೊಸ ಕವರಿನ ಥಳಥಳ ಸರಕು! ಹೋಲ್‌ಸೇಲಿನವರು ಕಳಿಸಿರಬೇಕು, ಮೇಲಿಂದ ರಬ್ಬರ್ ಬ್ಯಾಂಡು ಬೇರೆ, ಎಂಥ ಧಾರಾಳಿಗಳು! ಬ್ಯಾಂಡುಗಳನ್ನೆಲ್ಲ ಬಿಚ್ಚಿ ನನ್ನ ಬಿಲ್ಲುಗಳ ಕಟ್ಟಿಗೆ ಸುತ್ತಿದೆ. ಟ್ಯೂಬುಗಳನ್ನು ಶೆಲ್ಫಿಗೇರಿಸಿದೆ.

ಮೊದಲ ಗಿರಾಕಿ ಎದುರಿನ ಸಲೂನಿನ ಕತ್ತರಿಯಣ್ಣ. ಟ್ಯೂಬನ್ನು ಅಂಗೈಯಲ್ಲಿ ತೂಗಿ, "ಫಸ್ಟ್ ಕ್ಲಾಸ್!" ಎಂದು ಕೊಟ್ಟೆ.

ವಾಪಸು ಬಂದ. "ಹತ್ತಲಿಲ್ಲ."

"ಸ್ಟಾರ್ಟರ್ ಹೋಗಿರ್ಬೇಕು." ಸ್ಟಾರ್ಟರು ಮಾರಿದೆ.

ಮತ್ತೆ ಬಂದ. "ಚೋಕ್ ಹೋಗಿರ್ಬೇಕು." ಚೋಕೂ ಮಾರಿದೆ. ವ್ಯಾಪಾರ ಅಂದರೆ ಇದು!

ಸಂಜೆ ಅವನು ಟ್ಯೂಬನ್ನು ಗದೆಯಂತೆ ಎತ್ತಿ ಹಿಡಿದು ಬಂದ. ಹಿಂದೆ ಕೊರಳಿಗೆ ಟವೆಲ್ ಸುತ್ತಿಕೊಂಡ ಒಬ್ಬ ಹಿರಿಯರು, ಅರ್ಧ ಮೀಸೆಯೊಂದಿಗೆ.

"ಇನ್ನೇನ್ರೀ ಬದಲಾಯಿಸ್ಲಿ? ಸಲೂನನ್ನೇ? ಕತ್ತಲಲ್ಲಿ ಇವರ ಮೀಸೆ ಹೋಯ್ತು!"

"ಅರ್ಧ ಇದೆ," ಎಂದರು ಹಿರಿಯರು ಗಂಭೀರವಾಗಿ.

"ಬಹುಶಃ ನಿಮ್ಮ ವೈರಿಂಗು..." ಎಂದು ರಾಗ ತೆಗೆದೆ.

"ಇಲ್ಲೇ ಮೆಟ್ಟಿಲ ಮೇಲೆ ಒಡೀತೀನಿ! ನಿಮ್ಮ ಮಾಲು ಎಂಥದ್ದು ಅಂತ ಬೀದಿಗೆಲ್ಲ ಗೊತ್ತಾಗ್ಲಿ!"

ಮೆಟ್ಟಿಲ ಸುತ್ತ ಜನ ಸೇರಿದ್ದರು. ಅಂಗಡಿಯ ಮಾನ ಅವನ ಕೈಯಲ್ಲಿ ತೂಗಾಡುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಹಿಂದಿನ ನಮ್ಮ ಮನೆಯಿಂದ ನನ್ನವಳು ಓಡಿ ಬಂದಳು.

"ಅಣ್ಣಾ, ಬೇಡ! ಅದ್ರಲ್ಲಿ ಪಾದರಸ ಇದೆ, ಇಲ್ಲಿರೋರೆಲ್ಲರ ಉಸಿರಿಗೆ ಹೋಗುತ್ತೆ. ಹೊಡೀಲೇಬೇಕು ಅಂದ್ರೆ ಇವರು ಇಲ್ಲೇ ಇದ್ದಾರೆ. ಟ್ಯೂಬ್ ಮಾತ್ರ ನನಗೆ ಕೊಡಿ."

ಜನ ಗೊಳ್ಳೆಂದರು. ಕತ್ತರಿಯಣ್ಣನಿಗೂ ನಗು ತಡೆಯಲಿಲ್ಲ, ಕೈ ಇಳಿಯಿತು. ಅವಳು ಟ್ಯೂಬಿನ ಕಪ್ಪು ತುದಿ ನೋಡಿದಳು, ಕೆಂಪು ಬ್ಯಾಂಡು ಸುತ್ತಿದ ನನ್ನ ಬಿಲ್ಲಿನ ಕಟ್ಟು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆ ನೋಟಕ್ಕೆ ಚೋಕು ಹೋದದ್ದು ನನ್ನದೇ!

"ತಪ್ಪು ನಮ್ದೇ ಅಣ್ಣಾ. ಕೆಟ್ಟದ್ದನ್ನ ಹೊಸದು ಅಂತ ಕೊಟ್ಬಿಟ್ಟಿದ್ದೀವಿ."

ನನ್ನ ಗಲ್ಲಾದ ಹಿಂದಿನಿಂದ ಇಂಥ ವಾಕ್ಯ ಹುಟ್ಟಿದ್ದು ಅದೇ ಮೊದಲು! ಅವಳು ಹೊಸ ಟ್ಯೂಬನ್ನು ಎಲ್ಲರೆದುರು ಉರಿಸಿ ತೋರಿಸಿ ಕೊಟ್ಟಳು. ಸ್ಟಾರ್ಟರು, ಚೋಕಿನ ದುಡ್ಡನ್ನೂ ಹಿಂದಿರುಗಿಸಿದಳು. ಆಮೇಲೆ, "ಸಿಟ್ಟಲ್ಲೂ ಒಡೀದೆ ಕೊಟ್ರಲ್ಲ, ದೊಡ್ಡ ಉಪಕಾರ ಆಯ್ತು. ಹಳೇವಿದ್ರೆ ತನ್ನಿ, ನಾನು ಗಾಡಿಗೆ ಹಾಕಿಸ್ತೀನಿ," ಎಂದಳು. ಜಗಳಕ್ಕೆ ಬಂದವನು ಬಿರುದು ಪಡೆದವನ ಹಾಗೆ ಎದೆಯುಬ್ಬಿಸಿ ಹೋದ. ಎಷ್ಟೆಲ್ಲ ಮಾರಿದ ನನಗೂ ಇಂಥ ವ್ಯಾಪಾರ ಬಂದಿಲ್ಲ!

ಸಲೂನಿನ ಕುರ್ಚಿಯಲ್ಲಿ ಬಿದ್ದ ಸುದ್ದಿ ನಿಲ್ಲುತ್ತದೆಯೇ? ಮಾರನೆಯ ದಿನ ಬೀದಿಯವರೆಲ್ಲ ಕೆಟ್ಟ ಟ್ಯೂಬು, ಬಲ್ಬುಗಳನ್ನು ಎದೆಗವಚಿಕೊಂಡು ಸಾಲಾಗಿ ಬಂದರು. ಮುಂದೆ ಆ ಹಿರಿಯರು, ಮೀಸೆ ಪೂರ್ತಿ ತೆಗೆಸಿಕೊಂಡು. ತಪ್ಪು ಒಪ್ಪುವ ಅಂಗಡಿ ಎಂದು ಹೊಸದನ್ನೂ ನಮ್ಮಲ್ಲೇ ಕೊಂಡರು.

ನಾನು ಕ್ಷೌರಕ್ಕೆ ಹೋದಾಗ ಕತ್ತರಿಯಣ್ಣ ಕೇಳಿದ: "ಅಮ್ಮಾವ್ರು ಅಂಗಡಿ ಚೆನ್ನಾಗಿ ನಡೆಸ್ತಾರೆ. ಅಲ್ಲಿ ನಿಮ್ಮ ಕೆಲ್ಸ ಏನು?"

"ರಬ್ಬರ್ ಬ್ಯಾಂಡ್ ಹಾಕೋದು," ಎಂದೆ.

ಬೋರ್ಡಿನ ಮೇಲೆ ಇನ್ನೂ ನನ್ನ ಹೆಸರಿದೆ. ಅದು ಅವಳು ಉಳಿಸಿಕೊಟ್ಟದ್ದು.